ಸುಣ್ಣದ ಮೇಲೆ ಹೊರಿಸಿದ ತಪ್ಪು

ಶಿಡ್ಲಘಟ್ಟ
14 ಸೆಪ್ಟೆಂಬರ್ 2008

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಪೋರ್ಟ್ ಬ್ಲೇರಿನ ಕ್ವಾರ್ಟರ್ಸ್‌ನಲ್ಲಿ ಮೂರು ಮಹಡಿ ಹತ್ತುವುದು ಇನ್ನೂ ತಪ್ಪಿಲ್ಲವೇ? ಅತ್ತಿಗೆ ಎಣ್ಣೆ ಹಚ್ಚಲು ಬಂದರೆ ಬೇಡವೆನ್ನಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಮೇಲ್ ಮಾಡಿದರೆ ಅರ್ಧ ಓದಿ ಉತ್ತರ ಕೊಡುತ್ತೀಯ, ಅದಕ್ಕೇ ಈ ಕಾಗದ.

ರೇಷ್ಮೆಯ ಮರಿಹುಳು ಸಾಕುವ ನಮ್ಮ ಚಾಕಿಮನೆಯ ಶಾಖ, ತೇವಾಂಶವನ್ನು ದಿನಕ್ಕೆರಡು ಸಲ ನಿನಗೆ ಮೇಲ್ ಮಾಡುತ್ತಿದ್ದೆನಲ್ಲ, ಅದು ಮೂರು ದಿನ ನಿಂತಿತು. ನಾಲ್ಕನೇ ದಿನ ನೀನು ಫೋನ್ ಮಾಡಿದ್ದು ನನಗಲ್ಲ, ಪಕ್ಕದ ತೋಟದ ಕೋನಪ್ಪನಿಗೆ. ‘ಅವಳ ಕೈಲಾಗಲ್ಲ, ಮುಂದಿನ ಬೆಳೆಯಿಂದ ನೀನೇ ನೋಡ್ಕೊ’ ಅಂದೆಯಂತೆ. ಅವನು ಬಾಗಿಲಲ್ಲೇ ನಿಂತು, ‘ಸುಣ್ಣ ಹೊಡ್ಯೋ ಮನೇಲಿ ಕಂಪ್ಯೂಟರ್ ಇಕ್ಕಂಡ್ರೆ ಇನ್ನೇನಾಗ್ತೈತಕ್ಕ’ ಎಂದು ನಕ್ಕ.

ನಿಜ ಹೇಳಲೇ? ನಾನೂ ಹಾಗೇ ಅಂದುಕೊಂಡಿದ್ದೆ. ಮರಿಹುಳುಗಳು ಪೊರೆ ಬಿಡಲು ಎರಡನೇ ಜ್ವರಕ್ಕೆ ಕೂತಿದ್ದವು. ತಟ್ಟೆ ಒಣಗಿರಲೆಂದು ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಬಂದು ಲ್ಯಾಪ್‌ಟಾಪ್ ತೆರೆದರೆ ವೈರ್‌ಲೆಸ್ ಇಲ್ಲ. ಹುಳು ಸರಿಸುವ ಪುಕ್ಕದಿಂದಲೇ ಅದಕ್ಕೆ ಸಿಕ್ಕಿಸಿದ್ದ ವೈರ್‌ಲೆಸ್ ಅಡಾಪ್ಟರನ್ನು ಗುಡಿಸಿದೆ. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಗಂಗುಲಮ್ಮ, ‘ಅದ್ಕೂ ಜ್ವರ ಬಂದೈತೇನಮ್ಮ? ಏಳೋಗಂಟ ಮುಟ್ಬೇಡ’ ಅಂದಳು.

ಮುಟ್ಟಿದೆ, ಆದರೆ ಹುಳುಗಳ ಕೆಲಸದ ನಡುವೆ ಬಿಡುವಾದದ್ದು ನಾಲ್ಕನೇ ದಿನವೇ. ಲ್ಯಾಪ್‌ಟಾಪನ್ನು ನಡುಮನೆಗೆ ಒಯ್ದು ಮೋಡೆಮ್ಮಿಗೆ ವೈರು ಸಿಕ್ಕಿಸಿದೆ, ನೆಟ್ ಬಂತು. ಅಡಾಪ್ಟರನ್ನು ಮಗಳು ತನುಜಳ ಕಂಪ್ಯೂಟರಿಗೆ ಹಾಕಿದೆ, ದೀಪ ಉರಿಯಿತು. ಹಾಗಾದರೆ ಸುಣ್ಣದ ತಪ್ಪೇನು? ಆಗ ನೆನಪಾಯಿತು: ವೈರ್‌ಲೆಸ್ ನಿಲ್ಲುವ ಹಿಂದಿನ ದಿನ ಪರದೆಯ ಮೇಲೆ ಅಪ್‌ಡೇಟ್ ಮಾಡಲೇ ಎಂದು ಕೇಳಿತ್ತು, ನಾನು ಹೂಂ ಎಂದು ಒತ್ತಿದ್ದೆ. ಕಾನ್ವೆಂಟಿನ ಇಂಗ್ಲಿಷ್ ಕಲಿತವಳು, ಎದುರಿಗಿದ್ದ ನಾಲ್ಕು ಸಾಲು ಓದಲಿಲ್ಲ. ಅದು ನನ್ನ ತಪ್ಪು. ಮತ್ತೆ ಆನ್ ಮಾಡುವಾಗ ಪಟ್ಟಿಯಲ್ಲಿ ಅಪ್‌ಡೇಟಿಗೆ ಮೊದಲಿದ್ದ ಲಿನಕ್ಸ್‌ನ ತಿರುಳನ್ನು, ಆ ಹಳೆಯ ಕರ್ನಲನ್ನು ಆರಿಸಿದೆ. ವೈರ್‌ಲೆಸ್ ಎದ್ದು ಕೂತಿತು. ಅಣ್ಣಾ, ಅಡಾಪ್ಟರ್ ನಡೆಸಲು ನೀನು ಕಟ್ಟಿಕೊಟ್ಟಿದ್ದ ಡ್ರೈವರ್ ಆ ಹಳೆಯ ಕರ್ನಲ್‌ಗೆ ಮಾತ್ರ. ಕರ್ನಲ್ ಬದಲಾದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟಬೇಕೆಂದು ನೀನು ಹೇಳಿರಲಿಲ್ಲ. ಅದು ನಿನ್ನ ತಪ್ಪು.

ನೀನು ಬಿಟ್ಟುಹೋದ ಫೋಲ್ಡರ್ ತೆರೆದು ಹೊಸ ಕರ್ನಲ್‌ಗೆ ಡ್ರೈವರನ್ನು ನಾನೇ ಕಟ್ಟಿದೆ. ಮೊದಲ ಸಲ ಅದಕ್ಕೆ ಬೇಕಾದ ಹೆಡರ್ಸ್ ಫೈಲುಗಳು ಇಲ್ಲವೆಂದು ಬೈಯಿತು, ಇಳಿಸಿಕೊಂಡೆ. ಎರಡನೇ ಸಲ ಆಯಿತು. ಆ ಮೂರು ದಿನದ ಶಾಖ, ತೇವಾಂಶವೆಲ್ಲ ಗೋಡೆಯ ಪಟ್ಟಿಯಲ್ಲಿದೆ, ಒಂದು ಹೊತ್ತೂ ತಪ್ಪಿಲ್ಲ. ಹುಳುಗಳೆಲ್ಲ ಒಟ್ಟಿಗೇ ಜ್ವರ ಎದ್ದವು. ಹುಳು ಕೊಂಡು ಒಯ್ಯಲು ಬಂದ ರೈತ ಆವುಲಪ್ಪ ತಟ್ಟೆ ನೋಡಿ ಏನೂ ಕೊಂಕು ತೆಗೆಯಲಿಲ್ಲ. ಅವನ ಸ್ವಭಾವ ನಿನಗೆ ಗೊತ್ತು.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿ ಜೋಪಾನ.

ನಿನ್ನ ತಂಗಿ,
ಕವಿತ

ಮರೆತಿದ್ದೆ: ವೈರ್‌ಲೆಸ್ ಸರಿಹೋಗಿದೆ, ಆದರೆ ದಿನಕ್ಕೆರಡು ಮೇಲ್ ಇನ್ನು ಬರುವುದಿಲ್ಲ. ನಿನ್ನ ಮಾತು ಹಿಡಿದು ಕೋನಪ್ಪ ಒಯ್ದಿದ್ದ ಚಾಕಿಮನೆಯ ಬೀಗದಕೈ ವಾಪಸ್ ಪಡೆದೆ. ಮುಂದಿನ ಬೆಳೆಯ ರೇಷ್ಮೆಮೊಟ್ಟೆಗೆ ನನ್ನ ಹೆಸರು ಬರೆಸಿ ಬಂದಿದ್ದೇನೆ. ಚಾಕಿಮನೆಯಲ್ಲಿ ಶಾಖ ಎಷ್ಟಿದೆ ಎಂದು ತಿಳಿಯಬೇಕಾದರೆ ನನಗೇ ಫೋನ್ ಮಾಡು, ಸೊಪ್ಪು ಹಾಕುವ ಹೊತ್ತು ಬಿಟ್ಟು.