ಕೊಂಬು ಉದುರಿದ ಮೇಲೆ

ಡಿಸೆಂಬರ್ 11, ಬುಧವಾರ. ಬೆಳಿಗ್ಗೆ 6

ಸೊನ್ನೆಗಿಂತ ನಾಲ್ಕು ಕೆಳಗೆ. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ. ಕಾಫಿ, ನಿನ್ನೆಯ ಏಲಕ್ಕಿ ಬನ್. ತಂಗಿ ಹೆಲ್ಮಿ ಹೋಗಿ ಎರಡು ವರ್ಷವಾಯಿತು, ಅವಳ ಗಂಡ ಆರ್ವಿಡ್ ಮಾತ್ರ ದಿನವೂ ನನ್ನ ಅಡುಗೆಮನೆಗೆ ಹಾಜರು. ಇವತ್ತೂ ಅದೇ ರಾಗ — ಎಡಗಿವಿ ಹರಿದ ಆ ಗಂಡು ಜಿಂಕೆ. ಹನ್ನೆರಡು ಕವಲಿನ ಕೊಂಬು. ಹೆಲ್ಮಿ ತನ್ನ ಕೊನೆಯ ಚಳಿಗಾಲವಿಡೀ ಕಿಟಕಿಯಲ್ಲಿ ಕೂತು ನೋಡುತ್ತಿದ್ದದ್ದು ಅದನ್ನೇ. ಹೊಡೆದರೆ ನೀನೇ ಹೊಡೆಯಬೇಕು ಎಂದು ಅವನಿಗೆ ಹೇಳಿದ್ದಳಂತೆ.

ಅವನ ಎದೆಯ ಆಪರೇಷನ್ನಿಗೆ ಹದಿನಾರಕ್ಕೆ ಬಾ ಎಂದಿದ್ದಾರೆ ಡಾಕ್ಟರು.

"ಜಿಂಕೆ ಮೊದ್ಲು. ಆಪರೇಷನ್ ಆಮೇಲೆ."

"ಆಮೇಲೆ ಅಂದ್ರೆ? ಹೆಣ ಕುಯ್ಯೋಕಾ?"

"ಬಾಯಿ ಬಿಟ್ರೆ ಶುಭಾನೇ ನುಡೀತೀಯಲ್ಲೇ ಇರ್ಮಾ!"

ನಕ್ಕ. ನಗುತ್ತಲೇ ಉಸಿರು ಸಿಕ್ಕಿಕೊಂಡು ಮೇಜು ಹಿಡಿದುಕೊಂಡ. ನನಗೆ ನಗು ಬರಲಿಲ್ಲ.

ಡಿ. 13, ಶುಕ್ರವಾರ. ಸಂಜೆ 6

ಬರೆದುಬಿಡುತ್ತೇನೆ.

ಬೆದೆಗಾಲ ಮುಗಿದು ತಿಂಗಳಾಯಿತು. ಸೊರಗಿದ ಗಂಡುಗಳು ಹೆಣ್ಣುಗಳ ಜೊತೆ ಸೇರಿಕೊಂಡು ಮೇವಿಗೆ ಬರುವ ಕಾಲ. ನನ್ನ ಬೇಟೆ ಪರವಾನಗಿ ಕೊಂಬಿಲ್ಲದ ಜಿಂಕೆಗೆ ಮಾತ್ರ. ಕೊಯ್ದ ಜೋಳದ ಹೊಲದಂಚಿಗೆ ನಾಲ್ಕು ಬಂದವು. ಕಡೆಯದು ದಪ್ಪ. ತಲೆ ಬೋಳು. ಮುದಿ ಹೆಣ್ಣು ಎಂದುಕೊಂಡೆ. ನಳಿಗೆಗೆ ಮದ್ದು ತುಂಬುವ ಕೇಪಿನ ಕೋವಿ, ಒಂದೇ ಗುಂಡು. ಹೊಗೆ ಕರಗುವಷ್ಟರಲ್ಲಿ ಬಿದ್ದಿತ್ತು.

ಹತ್ತಿರ ಹೋದೆ. ನೆತ್ತಿಯ ಮೇಲೆ ಎರಡು ಹಸಿ ಗಾಯ, ಕಾಸಿನಗಲ. ಗಂಡುಗಳು ಚಳಿಗಾಲಕ್ಕೆ ಉದುರಿಸುವ ಕೊಂಬು, ಬಿದ್ದು ಎರಡು ದಿನವೂ ಆಗಿಲ್ಲ. ಎಡಗಿವಿ ಹರಿದಿದೆ.

ಥೂ, ನನ್ನ ಕಣ್ಣಿಗೆ ಬೆಂಕಿ ಹಾಕ. ನಲವತ್ತು ವರ್ಷ ಬೇಟೆಯಾಡಿದವಳು... ಹಿಮದಲ್ಲೇ ಕುಕ್ಕರಿಸಿಬಿಟ್ಟೆ.

ಡಿ. 14

ಮಾಂಸ ಫ್ರೀಜರಿನಲ್ಲಿ. ತಲೆಯನ್ನು ಹೂಳೋಣವೆಂದರೆ ನೆಲ ಕಲ್ಲಾಗಿದೆ. ಚೀಲದಲ್ಲಿ ಸುತ್ತಿ ಕೊಟ್ಟಿಗೆಯ ಹಿಂದೆ ಇಟ್ಟೆ.

ಹೇಳಲಿಲ್ಲ. ಈಗ ಹೇಳಿದರೆ ಆರ್ವಿಡ್ ಎದೆ ಒಡೆದುಕೊಂಡಾನು. ಇನ್ನೊಂದೂ ಇದೆ, ಸುಳ್ಳೇಕೆ — ಮತ್ತೆ ಈ ಬಾಗಿಲಿಗೆ ಬರುವುದಿಲ್ಲ. ಆಗ ನಾನು ಯಾರೊಂದಿಗೆ ಜಗಳವಾಡಲಿ?

ಡಿ. 17, ಮಂಗಳವಾರ

ನಿನ್ನೆ ಆಸ್ಪತ್ರೆಗೆ ಹೋಗಲೇ ಇಲ್ಲ, ಪುಣ್ಯಾತ್ಮ. ತನ್ನ ಮನೆ ಹಿಂದಿನ ಜೌಗಿನಾಚೆ ಅಟ್ಟಣೆಯ ಮೇಲೆ ಜಿಂಕೆ ಕಾಯುತ್ತ ಆರು ಗಂಟೆ ಕೂತಿದ್ದನಂತೆ. ಇಲ್ಲಿಗೆ ಬಂದಾಗ ತುಟಿ ನೀಲಿ. ಹೊಡೆದದ್ದು ಮುದಿ ಹೆಣ್ಣು ಜಿಂಕೆ ಎಂದು ಹೇಳಿ ಅದರದೇ ಮಾಂಸದ ಬಿಸಿ ಸಾರು ಬಡಿಸಿದೆ. ಬೇರೇನೂ ಇರಲಿಲ್ಲ ಮನೆಯಲ್ಲಿ.

"ಹೆಣ್ಣಿನ ಮಾಂಸ ಇಷ್ಟು ನಾರಾ? ಬೂಟುಗೀಟು ಬೇಯ್ಸಿದ್ದೀಯಾ?"

"ತಿಂದ್ಕೊಂಡು ಸುಮ್ನಿರು."

"ಅಲ್ವೇ, ವಾಸ್ನೇನೂ ಗಂಡಿಂದೇ ಬರ್ತಿದೆ."

ಎರಡು ಸಲ ಹಾಕಿಸಿಕೊಂಡ. ನನ್ನ ಪಾಲನ್ನು ಪಾತ್ರೆಗೇ ಸುರಿದೆ.

ಡಿ. 20. ಮಧ್ಯಾಹ್ನ

ಬಾಗಿಲು ತಳ್ಳಿಕೊಂಡೇ ಬಂದ. ಕೈಯಲ್ಲಿ ಕೊಂಬು. ಒಂದು ಕಡೆಯದು, ಆರು ಕವಲು.

"ನೋಡೇ! ಜೌಗಲ್ಲಿ ಬಿದ್ದಿತ್ತು. ಉದುರ್ಸಿದಾನೆ ಅಂದ್ರೆ ಯಾರೂ ಹೊಡ್ದಿಲ್ಲ! ಬದುಕಿದಾನೆ!"

ಮಗುವಿನ ಹಾಗೆ ಕುಣಿಯುವುದೊಂದು ಬಾಕಿ.

"ಹೊಸ ಕೊಂಬು ಬರ್ಲಿ. ಬರೋ ನವೆಂಬರಿಗೆ ನಾನೂ ಅವ್ನೂ. ಅಲ್ಲೀವರ್ಗೂ ಆಸ್ಪತ್ರೆ ಮಾತು ಎತ್ಬೇಡ ನೀನು."

"ನವೆಂಬರ್ ಇರ್ಲಿ, ಹೀಗೇ ಬಿಟ್ರೆ ಬೇಸಿಗೇನೂ ಕಾಣಲ್ಲ ಅಂತ ಡಾಕ್ಟ್ರು ನಿನ್ನ ಮುಖಕ್ಕೇ ಹೇಳಿದಾರೆ!"

"ಅವ್ರು ಹೆಲ್ಮಿಗೂ ಏನೇನೋ ಹೇಳಿದ್ರು. ಇನ್ನೊಂದು ಕೊಂಬೂ ಅಲ್ಲೇ ಎಲ್ಲೋ ಇರುತ್ತೆ. ಹುಡುಕ್ತೀನಿ."

ಬಾಯಿ ತೆರೆದೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಅವನ ಮುಖ ನೋಡಿದೆ... ಇನ್ನೊಂದು ಕಾಫಿ ಬೇಕಾ ಎಂದು ಕೇಳಿದೆ. ಹೇಡಿ ಮುದುಕಿ.

ಡಿ. 23, ಸೋಮವಾರ. ಮಧ್ಯಾಹ್ನ 3:40

ಎರಡು ದಿನ ಹಿಮಗಾಳಿ. ಇವತ್ತು ಬೆಳಿಗ್ಗೆ ನಿಂತಿತು. ಅವನು ಬರಲಿಲ್ಲ. ಫೋನ್ ಎತ್ತುತ್ತಿಲ್ಲ. ಇವತ್ತು ಹೇಳಿಯೇ ತೀರುತ್ತೇನೆಂದು ಅವನ ಮನೆಗೆ ಹೋದೆ. ಟ್ರಕ್ ಅಂಗಳದಲ್ಲೇ ಇದೆ. ಒಲೆ ತಣ್ಣಗಿದೆ. ಹಿತ್ತಿಲಿನಿಂದ ಹೆಜ್ಜೆ ಗುರುತು ಜೌಗಿನ ಕಡೆಗೆ. ಬೆಳಗಿನದೇ. ಹೋದದ್ದಿದೆ, ಬಂದದ್ದಿಲ್ಲ. ಸೊಂಟದ ಮಟ್ಟ ಹಿಮ. ನನ್ನ ಮೊಣಕಾಲಿಗೆ ಬೇಲಿ ದಾಟಲೂ ಆಗಲಿಲ್ಲ. ಕೂಗಿದೆ. ಗಂಟಲು ಬಿದ್ದುಹೋಗುವವರೆಗೆ ಕೂಗಿದೆ.

ಇಲ್ಲದ ಜಿಂಕೆಯ ಕೊಂಬು ಹುಡುಕಲು ಕಳಿಸಿದವಳು ನಾನೇ.

ಪಕ್ಕದ ಹೊಲದ ಡ್ವೇನ್ ಹಿಮದ ಮೇಲೆ ಓಡುವ ಸ್ನೋಮೊಬೈಲ್ ತರುತ್ತಿದ್ದಾನೆ. ಹತ್ತು ನಿಮಿಷ ಅಂದ. ಬೆಳಕು ಇನ್ನೊಂದು ಗಂಟೆ ಇದ್ದರೆ ಹೆಚ್ಚು. ಕಂಬಳಿ, ಬಿಸಿ ಕಾಫಿ, ಹಗ್ಗ ಎಲ್ಲ ಕಟ್ಟಿಟ್ಟೆ. ಸಿಕ್ಕ ಕೂಡಲೇ ಹೇಳುತ್ತೇನೆ. ಬೈಯಲಿ, ಉಗಿಯಲಿ, ಮತ್ತೆ ಮುಖ ನೋಡದಿರಲಿ — ಆಸ್ಪತ್ರೆಗೆ ಹೋದರೆ ಸಾಕು. ನನಗೆ ಮತ್ತೆ ಬಾಯಿ ಕಟ್ಟೀತು, ಇಲ್ಲೇ ಬರೆದು ರೂಢಿ ಮಾಡಿಕೊಳ್ಳುತ್ತೇನೆ.

ಆರ್ವಿಡ್, ಹುಡುಕಬೇಡ. ಅದು ಇಲ್ಲ. ಹದಿಮೂರನೇ ತಾರೀಖು ಸಂಜೆ, ಜೋಳದ ಹೊಲದಲ್ಲಿ, ಅದನ್ನ ನಾನು