ಬೆಳ್ಳಿ ಬಣ್ಣದ ಒಲೆ

ಅಡುಗೆಮನೆ ಮೇಜಿನಿಂದ,
ಮೂವತ್ತೊಂದನೇ ತಾರೀಖು, ಶುಕ್ರವಾರ ಸಂಜೆ

ಸಿಟ್ಟು ಮಾಡ್ಕೊಂಡು ಹೋದ ಸೊಸೆಗೆ ಅತ್ತೆ ಮಾಡುವ ಆಶೀರ್ವಾದ.

ಕೆಮ್ಮು ಹೇಗಿದೆ? ನಿನ್ನ ಅಕ್ಕನ ಮನೆ ಬೆಚ್ಚಗಿದೆಯಂತೆ, ಹೊಗೆ ಇಲ್ಲವಂತೆ, ಒಳ್ಳೇ ನಿದ್ದೆ ಬರ್ತಿದೆಯಂತೆ. ನಿನ್ನ ಗಂಡ ಫೋನಿಟ್ಟು ಬಂದು ಇಷ್ಟು ಹೇಳಿದ. ಅವನ ಬಾಯಿಂದ ಮಾತು ಹೊರಡಿಸೋ ಪಾಡು ನಿನಗೂ ಗೊತ್ತು. ನನ್ನ ಫೋನಂತೂ ನೀನು ಎತ್ತಲ್ಲ, ಅದಕ್ಕೇ ಈ ಕಾಗದ. ಪೊಟ್ಟಣ ಕಟ್ಟಿದ ಪೇಪರನ್ನೂ ಬಿಡಿಸಿ ಓದೋಳು ನೀನು, ಇದನ್ನು ಓದದೆ ಇರ್ತೀಯಾ? ನಾವಿಲ್ಲಿ ಚೆನ್ನಾಗಿದ್ದೇವೆ. ಅಂದ್ರೆ, ನಿನ್ನ ಮಾವ ಎರಡು ಸ್ವೆಟರ್ ಹಾಕ್ಕೊಂಡು ಓಡಾಡ್ತಾರೆ, ನಾನು ಮೂರು.

ವಿಷಯ ಏನಪ್ಪಾ ಅಂದ್ರೆ, ನೀನು ಆರು ತಿಂಗಳಿಂದ ಬಡ್ಕೊಳ್ತಿದ್ದ ಆ ಸಬ್ಸಿಡಿ ಇವತ್ತಿಗೆ ಬಂದ್. ಚಳಿಗೆ ಮನೆ ಕಾಯಿಸೋ ಹಳೇ ಕಲ್ಲಿದ್ದಲು ಒಲೆ ತೆಗೆಸಿ ಬಿಸಿಲಿನಿಂದ ಮನೆ ಬೆಚ್ಚಗಿಡೋ ಹೀಟರ್ ಹಾಕಿಸಿದ್ರೆ ಸರ್ಕಾರ ಅರ್ಧ ಖರ್ಚು ಕೊಡ್ತಿತ್ತಲ್ಲ, ಅದಕ್ಕೆ ಇನ್ನು ಹೊಸ ಅರ್ಜಿ ತೊಗೊಳ್ಳಲ್ಲವಂತೆ. ಸೋಮವಾರ ಪೇಪರಿನಲ್ಲಿ ಓದಿದೆ. ನೀನು ಮುತ್ತಿನಂಥ ಅಕ್ಷರದಲ್ಲಿ ತುಂಬಿಸಿಟ್ಟಿದ್ದ ಅರ್ಜಿಯಿಂದ ಒಲೆ ಹಚ್ಚಿದೋಳು ನಾನೇ ತಾನೆ! ಕಣ್ಣು ಕಾಣಲಿಲ್ಲ ಅಂತ ಆವತ್ತು ಹೇಳಿದ್ದು ಸುಳ್ಳು ಕಣೇ, ಗೊತ್ತಿದ್ದೇ ಹಾಕಿದೆ. ಸಾಲದು ಅಂತ “ಇದು ನನ್ನ ಮನೆ, ನನ್ನ ಒಲೆ, ತೆಗೆಸೋಕೆ ನೀನ್ಯಾರು?” ಅಂತ ಬಾಯಿಗೆ ಬಂದ ಹಾಗೆ ಅಂದೂ ಬಿಟ್ಟೆ. ನೀನು ಕೆಮ್ಮಿಕೊಂಡೇ ಬಟ್ಟೆ ತುಂಬಿಕೊಂಡು ಹೊರಟೆ.

ಸೋಮವಾರವೇ ಕಚೇರಿಗೆ ಓಡಿದೆ. ಹಳೇ ಒಲೆಯ ಫೋಟೋ ಬೇಕು ಅಂದ ಕಿಟಕಿಯ ಗುಮಾಸ್ತ. ಅದನ್ನ ನಿನ್ನ ಮಾವನಿಗೆ ಹೇಳಿದ್ದೇ ತಪ್ಪಾಯ್ತು ನೋಡು. ನಲವತ್ತು ವರ್ಷ ಊರವರ ಗೋಡೆಗೆಲ್ಲ ಬಣ್ಣ ಬಳಿದ ಮನುಷ್ಯ. ಸರ್ಕಾರಕ್ಕೆ ಹೋಗೋ ಫೋಟೋ, ಮನೆ ಮಾನ ಹೋಗಬಾರದು ಅಂತ, ಬುಧವಾರ ನಾನು ತರಕಾರಿ ತರೋಷ್ಟರಲ್ಲಿ ಒಲೆ ಉಜ್ಜಿ, ತೊಳೆದು, ಪಳಪಳ ಅನ್ನೋ ಬೆಳ್ಳಿ ಬಣ್ಣ ಹೊಡೆದು ಕೂತಿದ್ರು! ನಾನೇನು ಕಡಿಮೆಯೇ? ಮೇಲೊಂದು ಕಸೂತಿ ಬಟ್ಟೆ ಹಾಸಿ ಹೂವಿನ ಕುಂಡ ಇಟ್ಟೆ. ಫೋಟೋ ಎಷ್ಟು ಚೆನ್ನಾಗಿ ಬಂತು ಅಂತೀಯಾ!

ಗುರುವಾರ ಗುಮಾಸ್ತ ಫೋಟೋ ನೋಡಿದ, ನನ್ನ ಮುಖ ನೋಡಿದ. “ಅಮ್ಮಾ, ಇದು ಹೊಸ ಒಲೆ. ಹೊಸದಕ್ಕೆ ಸಬ್ಸಿಡಿ ಇಲ್ಲ” ಅಂದ. ನನ್ನ ಮದುವೆಗಿಂತ ಹಳೇದು ಕಣಪ್ಪಾ ಅಂದ್ರೆ, ಮದುವೆ ಫೋಟೋದಲ್ಲಿ ಇದೆಯಾ ಅಂತಾನೆ! ಮನೆಗೆ ಬಂದು ಮಸಿ ಕಲಸಿ ಬಳಿಯೋಕೆ ಶುರುಮಾಡಿದೆವು. ಅದಕ್ಕೂ ನಿನ್ನ ಮಾವನಿಗೆ ಎರಡು ಕೋಟ್ ಬೇಕು, ಅಂಚು ನೀಟಾಗಿರಬೇಕು. ಗಲೀಜಾಗಿ ಬಳೀರಿ ಅಂದ್ರೆ ಪಾಪ ಕೈಯೇ ಓಡಲ್ಲ. ಕೊನೆಗೆ ನಿನ್ನ ಗಂಡ ಎದ್ದು ಬಂದು ಎರಡೂ ಕೈ ಮಸಿಗೆ ಅದ್ದಿ ಒಲೆಗೆಲ್ಲ ಸವರಿದ. “ಅವಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು” ಅಂದ. ಈ ವಾರದಲ್ಲಿ ಅವನು ತಾನಾಗೇ ಆಡಿದ ಅತಿ ಉದ್ದದ ಮಾತು ಅದೇ.

ಇವತ್ತು ಬಾಗಿಲು ಹಾಕೋಕೆ ಹತ್ತು ನಿಮಿಷ ಇದೆ ಅನ್ನುವಾಗ ಕಿಟಕಿ ಮುಟ್ಟಿದೆ. ಗುಮಾಸ್ತ ಹೊಸ ಫೋಟೋ ನೋಡಿ, “ಅಯ್ಯೋ, ಇದರ ಹೊಗೆ ಕುಡ್ಕೊಂಡು ಹೇಗಮ್ಮಾ ಇದ್ರಿ ಇಷ್ಟು ದಿನ?” ಅಂದ. ಮೊಹರು ಬಿತ್ತು. ನನ್ನ ಹಿಂದೆ ನಿಂತಿದ್ದ ಮುದುಕರಿಗೆ “ಟೈಮ್ ಆಯ್ತು, ಹೋಗಿ” ಅಂದುಬಿಟ್ಟರು, ಪಾಪ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆ ಗುಮಾಸ್ತ ಕೇಳಿದ ಮಾತನ್ನ ನಾನು ನಿನ್ನ ಒಂದು ದಿನವೂ ಕೇಳಲಿಲ್ಲವಲ್ಲೇ.

ನಿನ್ನ ಅಕ್ಕ ಭಾವನಿಗೆ ನಾನು ಕೇಳಿದೆ ಅಂತ ಹೇಳು. ಕಿವಿಗೆ ಬಟ್ಟೆ ಕಟ್ಟಿಕೋ, ಬಿಸಿನೀರೇ ಕುಡಿ. ನೂರು ಕಾಲ ಸುಖವಾಗಿರು.

ಇಂತಿ,
ಬಾಯಿ ಜೋರಿನ ನಿನ್ನ ಅತ್ತೆ

ತಾಜಾ ಕಲಂ: ಅಂಚೆಗೆ ಹೊತ್ತಾಯ್ತು, ಬೇಗ ಹೇಳಿಬಿಡ್ತೀನಿ. ಮೊದಲೇ ಬರೆಯೋಕೆ ಧೈರ್ಯ ಸಾಲಲಿಲ್ಲ. ಮನೆ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಹಾಕಬೇಕಂತೆ. ನಿನ್ನ ಮಾವ ಹಿಂದೊಮ್ಮೆ ಚಾವಣಿಗೆ ಸರ್ಕಾರದ ಸಹಾಯ ತೊಗೊಂಡಿದ್ರು, ಅವರಿಗೆ ಎರಡನೇ ಸಲ ಇಲ್ಲವಂತೆ. ಮಗನ ಹೆಸರಿಗೆ ಮಾಡೋಣ ಅಂದ್ರು. ಬೇಡ ಅಂದೆ. ಮಂಗಳವಾರ ಹೋಗಿ ಮನೆಯನ್ನ ನಿನ್ನ ಹೆಸರಿಗೆ ಬರೆಸಿದೆವು. ಮನೆ ಪತ್ರಕ್ಕೂ ಅರ್ಜಿಗೂ ಹತ್ತು ದಿನದೊಳಗೆ ನೀನು ಬಂದು ಸಹಿ ಹಾಕಬೇಕು. ಆಮೇಲೆ ಆ ಒಲೆ ಜೊತೆ ನನ್ನನ್ನೂ ಆಚೆಗೆ ಹಾಕ್ತೀಯೋ, ಹಾಕು. ನಿನ್ನ ಮನೆ, ನಾನ್ಯಾರು ಕೇಳೋಕೆ? ಬಾರೇ ಮಗಳೇ.