ನೋಡಿದ್ದನ್ನು ಹೇಳಿದರೆ ಸಾಕು

ಮೂಡುಬಿದಿರೆ
11 ನವೆಂಬರ್ 2025

ಪ್ರೀತಿಯ ಜುಲೈಕಾ,

ಮೂರು ವಾರದಿಂದ ನಿನ್ನ ಫೋನು ಸ್ವಿಚ್ ಆಫ್. ಶನಿವಾರ ಮೆಲ್ಕಾರಿನಲ್ಲಿ ಬಸ್ಸಿಳಿದು ನಿನ್ನ ಹೊಲಿಗೆ ಅಂಗಡಿಗೆ ಬಂದಿದ್ದೆ. ಬಾಗಿಲು ಹಾಕಿತ್ತು. ನಿನ್ನ ಅಣ್ಣ ಇಬ್ರಾಹಿಂ, "ಅವಳು ಮಗಳ ಮನೆಗೆ ಹೋಗಿದ್ದಾಳೆ, ಯಾವಾಗ ಬರ್ತಾಳೆ ಗೊತ್ತಿಲ್ಲ ಟೀಚರೇ" ಎಂದು ನನ್ನ ಮುಖ ನೋಡದೆ ಹೇಳಿದರು. ಈ ಕಾಗದವನ್ನು ಅವರ ವಿಳಾಸಕ್ಕೇ ಹಾಕುತ್ತಿದ್ದೇನೆ.

ಬರುವ ಸೋಮವಾರ ಮಂಗಳೂರಿನ ಕೋರ್ಟಿನಲ್ಲಿ ನಮ್ಮಿಬ್ಬರ ಸಾಕ್ಷಿ. ನೀನು ದೂರು ಕೊಟ್ಟವಳು. ಸರಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನಾನು, ಅವನು ಹಣ ತೆಗೆದುಕೊಳ್ಳುವುದನ್ನು ನೋಡಲೆಂದು ಲೋಕಾಯುಕ್ತದವರು ನಿನ್ನ ಜೊತೆ ಒಳಗೆ ಕಳಿಸಿದ ನೆರಳು ಸಾಕ್ಷಿ. ಐದು ಸೆಂಟ್ಸ್ ಜಾಗದ ನಕ್ಷೆಗಾಗಿ ನಿನ್ನನ್ನು ಎರಡು ವರ್ಷ ಅಲೆಸಿ ಲಂಚ ಕೇಳಿದ ಸರ್ವೆಯರ್‌ಗೆ ಶಿಕ್ಷೆಯಾಗುವುದೂ ಬಿಡುವುದೂ ನಮ್ಮ ಬಾಯಲ್ಲಿದೆ.

ನೇರವಾಗಿ ಕೇಳುತ್ತೇನೆ. ಇಷ್ಟು ವರ್ಷ ಬಾರದ ನಕ್ಷೆ, ಸಾಕ್ಷಿಯ ತಾರೀಕು ಗೊತ್ತಾದ ವಾರವೇ ನಿನ್ನ ಕೈಗೆ ಬಂತಂತೆ. ಹೇಗೆ? ಕಳೆದ ವಾಯಿದೆಯ ದಿನ ನೀನು ನನ್ನ ಪಕ್ಕ ಕೂರಲಿಲ್ಲ. ನಾಲ್ಕು ವರ್ಷ ಡಬ್ಬಿಯ ಅಕ್ಕಿರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟು, "ಈ ಕೇಸು ಮುಗಿಯುವಾಗ ನಿಮಗೆ ಪೆನ್ಶನ್ ಬರ್ತದೆ ಟೀಚರೇ, ನನಗೆ ಕನ್ನಡಕ ಮಾತ್ರ" ಎಂದು ನಗಿಸುತ್ತಿದ್ದವಳು ನೀನು. ಅಂದು ಆ ಸರ್ವೆಯರ್‌ನ ವಕೀಲರ ಜೂನಿಯರ್ ಜೊತೆ ಕಂಬದ ಮರೆಯಲ್ಲಿ ಮಾತಾಡುತ್ತಿದ್ದೆ.

ಮರುದಿನ ಸರ್ವೆಯರ್‌ನ ಮಾವ ಸಂಕಪ್ಪ ಮಾಸ್ಟ್ರು ನಮ್ಮ ಮನೆಗೆ ಬಂದರು. ಏನೂ ತರಲಿಲ್ಲ, ಏನೂ ಕೇಳಲಿಲ್ಲ. ಚಾ ಕುಡಿದು ಎದ್ದು, "ಸುಳ್ಳು ಹೇಳಿ ಅಂತ ನಾವು ಹೇಳುದಿಲ್ಲ ಟೀಚರ್. ನೀವು ಕಣ್ಣಲ್ಲಿ ನೋಡಿದ್ದನ್ನು ಹೇಳಿದರೆ ಸಾಕು" ಎಂದರು.

ಆದರೆ ಹಣ ಕೊಡುವ ದಿನ ಅವನ ಕಚೇರಿಯಲ್ಲಿ ನಾನು ನೋಡಲೇ ಇಲ್ಲ ಜುಲೈಕಾ. ಅವನು "ತಂದದ್ದುಂಟಾ?" ಎಂದದ್ದು ಕೇಳಿಸಿತು. ನೀನು ಬ್ಯಾಗಿಗೆ ಕೈ ಹಾಕಿದೆ. ಅಷ್ಟರಲ್ಲಿ ನನ್ನ ಮುಖ ತಾನಾಗಿ ಗೋಡೆಯ ಕಡೆ ತಿರುಗಿತು. ಉಣ್ಣುವವರ ತಟ್ಟೆ ನೋಡಬಾರದು, ಇನ್ನೊಬ್ಬರು ಮಾನ ಕಳೆದುಕೊಳ್ಳುವಾಗ ಕಣ್ಣು ತೆಗೆಯಬೇಕು ಎಂದು ಕಲಿಸಿದ ಮನೆಯಲ್ಲಿ ಬೆಳೆದವಳು ನಾನು. ಗೋಡೆಯಲ್ಲಿದ್ದ ಭೂಪಟದ ನದಿಯನ್ನು ನೋಡುತ್ತಾ ನಿಂತೆ. ತಿರುಗಿದಾಗ ಅಧಿಕಾರಿಗಳು ಒಳಗೆ ಬಂದಾಗಿತ್ತು. ಅವನ ಬೆರಳು ಅದ್ದಿದ ನೀರು, ನೋಟಿಗೆ ಅವರು ಮೊದಲೇ ಹಚ್ಚಿದ್ದ ಹುಡಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿತು. ಬೆರಳೇ ಸಾಕ್ಷಿ ಹೇಳುತ್ತಿರುವಾಗ ನನ್ನ ಕಣ್ಣು ಯಾರಿಗೆ ಬೇಕು ಎಂದುಕೊಂಡು, "ಹಣ ಪಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ" ಎಂಬ ಮಹಜರಿಗೆ ಸಹಿ ಹಾಕಿದೆ. ಈಗ ಅವನು, "ಅವಳೇ ಹಣ ತುರುಕಿದಳು, ದೂರ ತಳ್ಳುವಾಗ ಹುಡಿ ಕೈಗೆ ತಾಗಿತು" ಎನ್ನುತ್ತಿದ್ದಾನೆ.

ನಾನು ತಿರುಗಿ ನಿಂತದ್ದನ್ನು ಅವರಿಗೆ ಹೇಳಿದವಳು ನೀನೇ ಎಂದು ಮೂರು ವಾರ ನಂಬಿದ್ದೆ. ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನೂ ಓದಿ ಎಂದು ಮಕ್ಕಳಿಗೆ ಹೇಳುವವಳಲ್ಲವೇ, ನಿನ್ನ ಮೌನವನ್ನೂ ಹಾಗೆಯೇ ಓದಿದೆ. ಮೊನ್ನೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಹೊಳೆಯಿತು: ಅವನು ನನ್ನೆದುರಿಗೇ ಕೂತಿದ್ದನಲ್ಲ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನಿನ್ನೆ ಸರಕಾರಿ ವಕೀಲರನ್ನು ಕಂಡು ಎಲ್ಲ ಹೇಳಿಬಂದೆ. ಅವರು ಫೈಲು ಮುಚ್ಚಿ, "ಹಾಗಾದರೆ ಇನ್ನು ಆ ಹೆಂಗಸಿನ ಮಾತೊಂದೇ ಉಂಟು ಮೇಡಂ" ಎಂದರು. ಸೋಮವಾರ ನಾನು ಕೇಳಿದ್ದನ್ನಷ್ಟೇ ಹೇಳುತ್ತೇನೆ. ಸುಳ್ಳು ಸಹಿಗೆ ಇಲಾಖೆ ನನ್ನನ್ನು ಏನು ಮಾಡುತ್ತದೋ ಮಾಡಲಿ. ಅವನು ಕೈ ಚಾಚಿದ್ದನ್ನು ನೋಡಿದವಳು ನೀನೊಬ್ಬಳೇ. ನಕ್ಷೆ ಹೇಗೇ ಬಂದಿರಲಿ, ಅದು ನಿನ್ನ ಹಕ್ಕಿನದು, ಅದರ ಬದಲಿಗೆ ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಬಾ.

ನಿನ್ನ ಟೀಚರ್,
ಸ್ವರ್ಣಲತಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗಲಿಲ್ಲ. ನೀನು ಅವರ ಕಡೆ ಹೋಗಿರಲಿ ಎಂದು ನಾನು ಬಯಸಿದ್ದೆ. ನೀನು ಮಾತು ತಿರುಗಿಸಿದ್ದರೆ ಕೇಸು ಅಲ್ಲಿಗೇ ಬೀಳುತ್ತಿತ್ತು, ಊರು ನಿನ್ನನ್ನು ಬೈಯುತ್ತಿತ್ತು, ನನ್ನ ಸಹಿಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ನಿನ್ನ ಸುದ್ದಿಯಿಲ್ಲದೆ ದಿನ ಕಳೆದಷ್ಟೂ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.